ಬೂದಿಗೆ ಹಿಡಿದ ಜರಡಿ

ನಮ್ಮ ಮನೆಯಲ್ಲಿ ಬಚ್ಚಲ ಒಲೆಯ ಬೂದಿಯನ್ನು ನನ್ನ ಅಪ್ಪಣೆಯಿಲ್ಲದೆ ಯಾರೂ ಹೊರಗೆ ಹಾಕುವಂತಿಲ್ಲ. ನಗಬೇಡಿ. ಒಬ್ಬೊಬ್ಬ ಮುದುಕನಿಗೆ ಒಂದೊಂದು ಹುಚ್ಚು. ಕೆಲವರು ದಿನಕ್ಕೆ ಹತ್ತು ಸಲ ಬಾಗಿಲ ಚಿಲಕ ನೋಡುತ್ತಾರೆ, ನಾನು ಬೂದಿಗೆ ಜರಡಿ ಹಿಡಿಯುತ್ತೇನೆ. ಮೊನ್ನೆ ಬೆಳಿಗ್ಗೆ ಸೊಸೆ ಮೊರದಲ್ಲಿ ಬೂದಿ ತುಂಬಿಕೊಂಡು ತಿಪ್ಪೆಯ ಕಡೆ ಹೊರಟಿದ್ದಳು. ಬಿಸಿ ಬೂದಿಯ ವಾಸನೆ ಮೂಗಿಗೆ ತಾಕಿದ್ದೇ ಜಗಲಿಯಿಂದ ಕೂಗಿದೆ.

"ತಡಿ ಕಣಮ್ಮಿ. ಇಲ್ ತತ್ತಾ."

"ನಾ ಈ ಮನೆಗ್ ಬಂದಾಗ್ನಿಂದ ನೋಡ್ತಾ ಇವ್ನಿ ಮಾವ, ಏನ್ ಉಡುಕ್ತೀರಿ ಇದ್ರಲ್ಲಿ? ಚಿನ್ನ ಗಿನ್ನ ಉದುರ್ಸ್‌ಬುಟ್ಟಿದ್ರಾ?"

"ನೀ ಉಟ್ಟಕ್ ಮುಂಚೆ ಉದುರ್ಸಿದ್ದು" ಎಂದೆ. ಅವಳು ಮೊರವನ್ನು ನನ್ನ ಮುಂದೆ ಕುಕ್ಕಿ ಹೋದಳು. ಊರಲ್ಲಿ ಇದರ ಬಗ್ಗೆ ಮೂರು ಕಥೆಗಳಿವೆ: ಪಾಳೇಗಾರನ ವಜ್ರ, ನನ್ನ ಹೆಂಡತಿಯ ಮೂಗುಬೊಟ್ಟು, ಇಲ್ಲವೇ ನನಗೆ ತಲೆ ಕೆಟ್ಟಿದೆ. ಮೂರನ್ನೂ ಹಬ್ಬಿಸಿದವನು ನಾನೇ. ನಿಜವನ್ನು ಮಾತ್ರ ಮೊನ್ನೆಯವರೆಗೆ ಯಾರಿಗೂ ಹೇಳಿರಲಿಲ್ಲ. ನೀವು ಪರವೂರಿನವರು, ಕೂತುಕೊಳ್ಳಿ.

ನಾನು ಜೈಲಿಗೆ ಹೋಗಿದ್ದೆ. ಹೌದು, ಈ ಬಿಳಿ ಮೀಸೆಯ ಮರ್ಯಾದಸ್ಥನೇ. ಕಳ್ಳತನಕ್ಕಲ್ಲ, ಹೊಡೆದಾಟಕ್ಕಲ್ಲ, ಅಂಥ ಎಲ್ಲರೂ ಮಾಡುವ ಕೆಲಸಗಳಲ್ಲಿ ನನಗೆ ಆಸಕ್ತಿಯಿರಲಿಲ್ಲ. ಐವತ್ತರ ದಶಕ, ನನಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಗುಂಡ್ಲುಪೇಟೆಯ ಸಂತೆಯಲ್ಲಿ ಒಂದು ಹಳೆಯ ಖಾಕಿ ಕೋಟು ಸಿಕ್ಕಿತು. ಅದನ್ನು ತೊಟ್ಟು ಪುಣಜನೂರಿನ ದಾರಿಯಲ್ಲಿ ನಿಂತು ಫಾರೆಸ್ಟ್ ಗಾರ್ಡನ ಗತ್ತಿನಲ್ಲಿ ಗಾಡಿಗಳನ್ನು ತಡೆದೆ. ಯಾರಿಂದಲೂ ಏನೂ ಕಿತ್ತುಕೊಳ್ಳಲಿಲ್ಲ. ಗಾಡಿಯವನನ್ನು ಕೆಳಗಿಳಿಸಿ, ಅವನ ಎತ್ತುಗಳಿಗೆ ಅವನಿಂದಲೇ ಸಲಾಮು ಹೊಡೆಸಿ ಕಳಿಸುತ್ತಿದ್ದೆ. ಹನ್ನೊಂದು ಗಾಡಿಯವರು ಹೊಡೆದರು. ಹನ್ನೆರಡನೆಯ ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿ ಬರುತ್ತಿದ್ದವನು ನಿಜವಾದ ರೇಂಜರು. ನಿದ್ದೆಗಣ್ಣಿನಲ್ಲಿ ಅವನೂ ಇಳಿದು ಎತ್ತಿಗೆ ಸಲಾಮು ಹೊಡೆದ. ನನ್ನ ಜೀವಮಾನದ ದೊಡ್ಡ ಗೆಲುವು ಅದು. ಆಮೇಲೆ ಅವನಿಗೆ ಪೂರ್ತಿ ಎಚ್ಚರವಾಯಿತು. ನನಗೆ ಎರಡು ತಿಂಗಳ ಸಜೆಯಾಯಿತು, ಚಾಮರಾಜನಗರದ ಸಬ್ ಜೈಲಿನಲ್ಲಿ.

ಜೈಲಿನ ದಿನಚರಿಯನ್ನು ಬಣ್ಣಿಸಲು ನನ್ನಂಥ ಬಾಯಿಬಡುಕನಿಗೂ ಮಾತು ಸಾಲದು, ಅಲ್ಲಿ ಏನೂ ನಡೆಯುವುದಿಲ್ಲ. ಬೆಳಿಗ್ಗೆ ತಲೆ ಎಣಿಕೆ, ತಲೆಗೊಂದು ಕೊಡ ನೀರು, ಮಧ್ಯಾಹ್ನ ಒಂದು ಮುದ್ದೆ, ಸಂಜೆ ಒಂದು ಮುದ್ದೆ, ಅದರ ಜೊತೆ ಬೇಳೆಯ ಗುರುತೂ ಇಲ್ಲದ ಸಾರು. ಉಂಡ ತಟ್ಟೆಯನ್ನು ಬಾಗಿಲ ಬಳಿಯ ತಗಡಿನ ಡಬ್ಬದಲ್ಲಿದ್ದ ಬೂದಿಯಿಂದ ಉಜ್ಜಬೇಕು. ಮೂಲೆಯಲ್ಲಿ ಉಚ್ಚೆಯ ಮಡಕೆ. ಗೋಡೆಯಲ್ಲಿ ತಿಗಣೆ. ಕಿಟಕಿ ಎಷ್ಟು ಎತ್ತರದಲ್ಲಿತ್ತೆಂದರೆ ಅದರಲ್ಲಿ ಆಕಾಶ ಬಿಟ್ಟು ಏನೂ ಕಾಣುತ್ತಿರಲಿಲ್ಲ, ಆಕಾಶವನ್ನು ಎಷ್ಟು ದಿನ ನೋಡುತ್ತೀರಿ? ನನ್ನ ಕೊಠಡಿಯಲ್ಲಿ ಇನ್ನಿಬ್ಬರಿದ್ದರು. ಒಬ್ಬರು ಹಂಗಳದ ಕಡೆಯ ಗುರುಮಲ್ಲಪ್ಪನವರು, ಲಿಂಗವಂತರು, ಅರವತ್ತು ದಾಟಿದ ರೈತ. ಬದುವಿನ ಜಗಳದಲ್ಲಿ ಗುದ್ದಲಿಯ ಕಾವಿನಿಂದ ದಾಯಾದಿಯ ತಲೆಗೆ ಹೊಡೆದು, ಕೇಸು ತೀರುವುದನ್ನು ಕಾಯುತ್ತಿದ್ದರು. "ನಾನೇ ಒಡದೆ" ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ಇನ್ನೊಬ್ಬ ಸೋಲಿಗರ ಜಡೆಯ. ಕಾಡಿನಲ್ಲಿ ಬಿದಿರು ಕಡಿದು ಸಿಕ್ಕಿಬಿದ್ದವನು. ಬಂದ ವಾರಕ್ಕೇ ಅವನಿಗೆ ಚಳಿಜ್ವರ ಹಿಡಿಯಿತು.

ಗುರುಮಲ್ಲಪ್ಪನವರು ಕೊರಳಲ್ಲಿ ಕಟ್ಟುತ್ತಿದ್ದ ಲಿಂಗದ ದಾರವನ್ನು ಜೈಲಿನ ಬಾಗಿಲಲ್ಲೇ ಬಿಚ್ಚಿಸಿದ್ದರು. ದಾರ ಕಂಡರೆ ಖೈದಿಗೆ ನೇಣಿನ ಯೋಚನೆ ಬರುತ್ತದೆಂದು ರೂಲು. ಲಿಂಗವಿಡುವ ಬೆಳ್ಳಿಯ ಕರಡಿಗೆ ಆಫೀಸಿನ ಪೆಟ್ಟಿಗೆಯನ್ನು ಸೇರಿತ್ತು. ಉಳಿದದ್ದು ಲಿಂಗ ಮಾತ್ರ, ನೇರಳೆಹಣ್ಣಿನಷ್ಟು ದಪ್ಪದ ಕಪ್ಪು ಗುಂಡು. ಅದನ್ನು ಒಂದು ಬಿಳಿ ಬಟ್ಟೆಯಲ್ಲಿ ಗಂಟು ಹಾಕಿ ಎದೆಗೆ ಕಟ್ಟಿಕೊಂಡಿದ್ದರು. ದಿನಾ ತಮ್ಮ ಪಾಲಿನ ನೀರಿನಲ್ಲಿ ಮಿಂದು, ಹಣೆಗೆ ಈಬತ್ತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ನೋಡುತ್ತ ಕೂರುತ್ತಿದ್ದರು. ಪೂಜೆಯಾಗದೆ ಅವರು ನೀರೂ ಮುಟ್ಟುತ್ತಿರಲಿಲ್ಲ. ಅವರು ಉಣ್ಣದೆ ಜಡೆಯ ಉಣ್ಣುತ್ತಿರಲಿಲ್ಲ. ಮುದ್ದೆ ಆರಿ ಕಲ್ಲಾಗುತ್ತಿತ್ತು. ಗೋಪಾಲಸ್ವಾಮಿ ಬೆಟ್ಟದ ದೇವರ ಒಕ್ಕಲಾದ ನನಗೆ ಇದೆಲ್ಲ ಯಾಕೆ? ನಾನು ಮೊದಲೇ ಉಂಡು, ಅವರ ಮುಂದೆ ತೇಗುತ್ತಿದ್ದೆ.

ಜ್ವರ ಏರಿದ ದಿನ ಜಡೆಯ ವಾಂತಿ ಮಾಡಿಕೊಂಡ. ಗುರುಮಲ್ಲಪ್ಪನವರು ಅವನ ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಹಣೆಗೆ ಹಾಕಲು ಚೊಕ್ಕ ಬಟ್ಟೆಗಾಗಿ ಸುತ್ತ ನೋಡಿದರು. ನಮ್ಮ ಮೂವರಲ್ಲಿ ಚೊಕ್ಕವಾದ ಬಟ್ಟೆ ಒಂದೇ ಇತ್ತು. ಎದೆಯ ಗಂಟು ಬಿಚ್ಚಿದರು.

"ಒಂದ್ ಗಳ್ಗೆ ಅಂಗೈಲ್ ಇಟ್ಕೊಂಡಿರು ಮೊಗ. ನೆಲಕ್ ಮಡುಗ್‌ಬ್ಯಾಡ. ನನ್ ಕೈಯೆಲ್ಲ ಮೈಲ್ಗೆ ಆಯ್ತು."

ನನ್ನ ಕೈಗೆ ಒಂದು ಕೆಲಸ ಕೊಟ್ಟರೆ ಅದು ಇನ್ನೊಂದನ್ನು ಮಾಡುತ್ತದೆ. ಅವರು ಬೆನ್ನು ತಿರುಗಿಸಿ ಬಟ್ಟೆ ಹಿಂಡುವಾಗ ನಾನು ಲಿಂಗವನ್ನು ಬೂದಿಯ ಡಬ್ಬದಲ್ಲಿ ಹುದುಗಿಸಿದೆ. ಕೇಳಿದಾಗ, ನಮ್ಮ ಗೋಪಾಲಸ್ವಾಮಿ ಬಂದು ಬೆಟ್ಟಕ್ಕೆ ಕರಕೊಂಡು ಹೋದ ಎಂದು ಹೇಳಿ, ಅವರ ಮುಖ ನೋಡಿ ನಕ್ಕು, ತೆಗೆದುಕೊಡಬೇಕೆಂದಿದ್ದೆ. ಅಷ್ಟೇ. ಐದು ನಿಮಿಷದ ತಮಾಷೆ. ಅಷ್ಟರಲ್ಲಿ ದಫೇದಾರ ಬಂದು ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ನನ್ನನ್ನು ಆಫೀಸಿಗೆ ಕರೆದೊಯ್ದ. ನನಗೆ ರುಜು ಹಾಕಲು ಬರುತ್ತದೆಂದು ಅಲ್ಲಿ ಜಂಬ ಕೊಚ್ಚಿಕೊಂಡು, ಮೂರು ಸಲ ರುಜು ಹಾಕಿ ತೋರಿಸಿ, ಗಂಟೆಯ ಮೇಲೆ ಹಿಂದಿರುಗಿದೆ. ಡಬ್ಬದಲ್ಲಿ ಹೊಸ ಬೂದಿ ಇತ್ತು. ಹಳೆಯದನ್ನು ಕಸದ ಗಾಡಿಗೆ ಸುರಿದಾಗಿತ್ತು, ಗಾಡಿ ಹೋಗಿಯೂ ಆಗಿತ್ತು.

ಡಬ್ಬವನ್ನು ನೆಲಕ್ಕೆ ಬೋರಲು ಹಾಕಿ ಕೆದಕುತ್ತಿದ್ದ ನನ್ನನ್ನು ಅವರು ನೋಡಿದರು. ನಾನು ಹೇಳಲೇಬೇಕಾಯಿತು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

"ನಿನ್ ಕೈಲಿ ಕೊಟ್ಟವ್ನು ನಾನಲ್ವಾ" ಎಂದಷ್ಟೇ ಹೇಳಿ ಜಡೆಯನ ಹಣೆಯ ಬಟ್ಟೆ ತಿರುಗಿಸಿ ಹಾಕಿದರು.

ದಫೇದಾರನ ಕಾಲು ಹಿಡಿದೆ. ಬೈದುಕೊಂಡೇ ಆತ ಜವಾನನ ಜೊತೆ ನನ್ನನ್ನು ಊರಾಚೆಯ ಕಸದ ಗುಂಡಿಗೆ ಕಳಿಸಿದ. ಸಂಜೆಯವರೆಗೆ ಒಂದು ತೂತು ಜರಡಿಯಲ್ಲಿ ಬೂದಿ ಜಾಲಿಸಿದೆ. ಮೊಳೆ ಸಿಕ್ಕಿತು, ಬಳೆಚೂರು ಸಿಕ್ಕಿತು, ಯಾರದೋ ಹಲ್ಲು ಸಿಕ್ಕಿತು. ಅರ್ಧ ಗಾಡಿ ಬೂದಿಯನ್ನು ದಾರಿಯಲ್ಲೇ ಯಾರೋ ಹೊಲಕ್ಕೆ ಹಾಕಿಸಿಕೊಂಡಿದ್ದರಂತೆ. ಯಾರ ಹೊಲವೆಂದು ಗಾಡಿಯವನಿಗೂ ನೆನಪಿರಲಿಲ್ಲ.

ಗುರುಮಲ್ಲಪ್ಪನವರು ಅನ್ನ ನೀರು ಎರಡನ್ನೂ ಬಿಟ್ಟರು. ಲಿಂಗ ಕಳೆದುಕೊಂಡವನು ಪ್ರಾಣ ಉಳಿಸಿಕೊಳ್ಳಬಾರದು ಎಂಬುದು ಅವರ ಹಿರಿಯರ ಕಟ್ಟಳೆ.

"ಮಠಕ್ ಯೋಳ್‌ಕಳ್ಸಿ ಬ್ಯಾರೆ ತರ್ಸನ ಗೌಡ್ರೆ" ಎಂದೆ.

"ಪ್ರಾಣವ ಬ್ಯಾರೆ ತರ್ಸಕಾದದಾ? ಸುಮ್ಕಿರು."

ಈಗ ನನ್ನ ಕೈಚಳಕ ಕೇಳಿ. ನನ್ನ ಮುದ್ದೆಯಲ್ಲಿ ಒಂದು ತುಂಡು ಮುರಿದು, ಲಾಟೀನಿನ ಮಸಿ ಕಲಸಿ, ಉಗುಳು ಹಚ್ಚಿ ನುಣುಪು ಮಾಡಿ, ಬಿಸಿಲು ಬೀಳುವ ಜಾಗದಲ್ಲಿ ಒಣಗಿಸಿದೆ. ಮೈಸೂರಿನ ಅಂಗಡಿಯಲ್ಲಿಟ್ಟಿದ್ದರೂ ಯಾರಾದರೂ ಕೊಂಡು ಕೈಮುಗಿಯುತ್ತಿದ್ದರು. ಗುಂಡಿಯಲ್ಲಿ ಸಿಕ್ಕಿತೆಂದು ಹೇಳಿ ಅವರ ಅಂಗೈಗೆ ಇಟ್ಟೆ. ಅವರು ನೋಡಲೂ ಇಲ್ಲ. ಒಮ್ಮೆ ತೂಗಿದರು, ಹಿಂದಕ್ಕೆ ಕೊಟ್ಟರು.

"ಅಗುರಾಗ್ ಅದೆ. ಚೆಂದಾಗ್ ಮಾಡಿದ್ದೀಯ ಬುಡು."

ಜಡೆಯ ಕಣ್ಣು ಮುಚ್ಚಿಕೊಂಡೇ ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಮಾರನೆಯ ದಿನ ಅವನು ಗಂಜಿಯ ಬಟ್ಟಲನ್ನು ದೂರ ತಳ್ಳಿದ. ಕ್ವಿನೈನ್ ಮಾತ್ರೆಯನ್ನು ಉಗಿದ. "ಬುದ್ಯೋರು ಉಣ್ಣಗಂಟ ನಾ ಉಣ್ಣಕಿಲ್ಲ." ಗುರುಮಲ್ಲಪ್ಪನವರು ಗದರಿದರು, ಬೇಡಿಕೊಂಡರು. ಅವನು ಗೋಡೆಗೆ ಮುಖ ಹಾಕಿದ. ಮೂರನೆಯ ದಿನಕ್ಕೆ ಅವನ ತುಟಿ ಒಡೆದು ನೆತ್ತರು ಬರುತ್ತಿತ್ತು. ಮಾತು ತೊದಲುತ್ತಿತ್ತು. ಗುರುಮಲ್ಲಪ್ಪನವರು ಆ ನೆತ್ತರನ್ನು ಒರೆಸಿದರು. ಆಮೇಲೆ ನನ್ನ ಕಡೆ ಎಡಗೈ ಚಾಚಿದರು.

"ತತ್ತಾ ಆ ನಿನ್ನ ಮುದ್ದೆಯ."

ಮಿಂದರು, ಈಬತ್ತಿ ಹಚ್ಚಿದರು, ರಾಗಿಯ ಗುಂಡನ್ನು ಅಂಗೈಯಲ್ಲಿಟ್ಟು ಕೂತರು. ಅಸಲಿನ ಮುಂದೆ ಕೂರುತ್ತಿದ್ದಷ್ಟೇ ಹೊತ್ತು ಕೂತರು. ನೀರು ಕುಡಿದರು. ಜಡೆಯನ ಬಾಯಿಗೆ ಗಂಜಿ ಹಾಕಿದರು. ಗೆದ್ದೆನೆಂದು ನಾನು ಹಿಗ್ಗುವುದನ್ನು ಕಂಡು ಹೇಳಿದರು: "ನಗ್‌ಬ್ಯಾಡ ಕಣ್ಲಾ. ಇದು ನನ್ ಲಿಂಗ ಅಲ್ಲ. ಜಡೆಯನ್ ಲಿಂಗ. ಅವ್ನ್ ಉಣ್ಲಿ ಅಂತ ಪೂಜೆ ಮಾಡ್ದೆ."

ಮುದ್ದೆಯ ದೇವರಿಗೆ ನಾಲ್ಕು ದಿನದ ಆಯಸ್ಸು. ಐದನೆಯ ದಿನ ಬಿರುಕು ಬಿಡುತ್ತದೆ, ಇರುವೆ ಹತ್ತುತ್ತದೆ. ನಾಲ್ಕು ದಿನಕ್ಕೊಮ್ಮೆ ನಾನು ನನ್ನ ಪಾಲಿನಲ್ಲಿ ಹೊಸದನ್ನು ಮಾಡುತ್ತಿದ್ದೆ. ಹಳೆಯದನ್ನು ಅವರು ನೀರಿನಲ್ಲಿ ಕರಗಿಸಿ ಕುಡಿಯುತ್ತಿದ್ದರು. ಉಣ್ಣುವ ಮುಂಚೆ ನಾನೂ ಕಾಯತೊಡಗಿದೆ. ಭಕ್ತಿ ಎಂದುಕೊಳ್ಳಬೇಡಿ, ನನ್ನ ಕಸುಬಿನ ಬಗ್ಗೆ ನನಗಿದ್ದ ಹೆಮ್ಮೆ ಅದು.

ಜಡೆಯನ ಜ್ವರ ಬಿಟ್ಟಿತು, ಶಿಕ್ಷೆಯೂ ಮುಗಿಯಿತು. ಬಿಡುಗಡೆಯ ದಿನ ಅವನು ಗುರುಮಲ್ಲಪ್ಪನವರ ಪಾದ ಮುಟ್ಟಿ, ಹಿಂದಿರುಗಿ ನೋಡುತ್ತ ನೋಡುತ್ತ ಹೋದ. ಅಂದು ಮಧ್ಯಾಹ್ನ ಗುರುಮಲ್ಲಪ್ಪನವರು ರಾಗಿಯ ಗುಂಡನ್ನು ನೀರಿಗೆ ಹಾಕಿ ಕರಗಿಸಿದರು. ತಟ್ಟೆಯನ್ನು ನನ್ನ ಕಡೆ ಸರಿಸಿದರು.

"ನಿಂದೂ ನಂದೂ ಎಲ್ಡೂ ನೀನೇ ಉಣ್ಣು. ನನ್ ಕೆಲ್ಸ ಮುಗೀತು."

ಅವರು ಮರೆತಿರಲಿಲ್ಲ. ಮುಂದಕ್ಕೆ ಹಾಕಿದ್ದರು, ಅಷ್ಟೇ.

"ಅಂಗಾರೆ ನಾನೂ ಉಣ್ಣಕಿಲ್ಲ" ಎಂದೆ.

ಅವರು ನಕ್ಕರು. ಆ ಜೈಲಿನಲ್ಲಿ ಅವರು ನಕ್ಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಬೆಲ್ಲ ಎಲ್ ಮಡ್ಗಿದ್ದೀಯ್ಲಾ?"

ತಪ್ಪು ಅವರದಲ್ಲ. ಹೊಟ್ಟೆನೋವೆಂದು ನರಳಿ ಆಸ್ಪತ್ರೆಯ ಹಾಲು ಕುಡಿದವನು ನಾನು. ಗೋಡೆಯ ಸಂದಿಯಲ್ಲಿ ಬೆಲ್ಲ ಅಡಗಿಸಿ ಅವರ ಕೈಗೇ ಸಿಕ್ಕಿಬಿದ್ದವನು ನಾನು. ಹನ್ನೆರಡು ಗಾಡಿಯವರು ನನ್ನನ್ನು ನಂಬಿದ್ದರು, ಆ ಒಬ್ಬ ಮುದುಕ ನಂಬಲಿಲ್ಲ. ಆ ದಿನ ಉಣ್ಣಲಿಲ್ಲ. ಮಾರನೆಯ ದಿನ ನೀರೂ ಕುಡಿಯಲಿಲ್ಲ. ಸಾರಿನ ವಾಸನೆಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಅವರು ಎದ್ದು ನನ್ನ ಚಾಪೆ ಎತ್ತಿ ನೋಡಿದರು, ಗೋಡೆಯ ಸಂದಿ ತಡಕಿದರು. ಮೂರನೆಯ ಬೆಳಿಗ್ಗೆ ತಲೆ ಎಣಿಕೆಗೆ ನಿಂತವನು ದಫೇದಾರನ ಬೂಟಿನ ಮೇಲೇ ಬಿದ್ದೆ. ಎಚ್ಚರವಾದಾಗ ಗುರುಮಲ್ಲಪ್ಪನವರು ನನ್ನ ದವಡೆ ಹಿಡಿದು, ಸಂತೆಯಲ್ಲಿ ಎತ್ತಿನ ಬಾಯಿ ನೋಡುವ ಹಾಗೆ ನೋಡುತ್ತಿದ್ದರು.

"ನಾಲ್ಗೆ ಆಚ್ಗೆ ಆಕು."

ಹಾಕಿದೆ. ಅದಕ್ಕೆ ತಮ್ಮ ಬೆರಳು ಒತ್ತಿದರು.

"ಈ ಸಲ ಸುಳ್ಳಲ್ಲ ಕಣ" ಎಂದರು. "ಮಾಡು ಅಂಗಾರೆ. ಇನ್ ಮ್ಯಾಕೆ ಇದು ನಿನ್ ಲಿಂಗ."

ಮಾಡಿದೆ. ಹತ್ತೊಂಬತ್ತು ದಿನ ನನ್ನ ಲಿಂಗಕ್ಕೆ ಅವರು ಪೂಜೆ ಮಾಡಿದರು. ಆಮೇಲೆ ಅವರ ಕೇಸು ತೀರ್ಮಾನವಾಗಿ ಎರಡು ವರ್ಷ ಬಿತ್ತು, ದೂರದ ದೊಡ್ಡ ಜೈಲಿಗೆ ಕಳಿಸಿದರು. ವ್ಯಾನು ಹತ್ತುವ ಮುಂಚೆ ಹೊಸದೊಂದನ್ನು ಅವರ ಬಟ್ಟೆಯಲ್ಲಿ ನಾನೇ ಗಂಟು ಹಾಕಿದೆ. "ಅಲ್ಲೂ ಮುದ್ದೆ ಕೊಡ್ತಾರೆ ಗೌಡ್ರೆ, ನೀವೇ ಮಾಡ್ಕಳಿ" ಎಂದು ಮಸಿ ಕಲಸುವ ಅಳತೆ ಹೇಳಿಕೊಟ್ಟೆ. ಅವರು ತಲೆಯಾಡಿಸಿದರು. ಹೂಂ ಎಂದೋ ಉಹೂಂ ಎಂದೋ ನನಗೆ ಈವತ್ತಿಗೂ ತಿಳಿಯದು.

ಬಿಡುಗಡೆಯಾದ ಮೇಲೆ ಹಂಗಳದ ಕಡೆ ಹೋಗುವ ಧೈರ್ಯ ನನಗೆ ವರ್ಷಗಟ್ಟಲೆ ಬರಲಿಲ್ಲ. ಬಂದಾಗ ಕೇಳಿ ತಿಳಿದದ್ದು ಇಷ್ಟೇ: ದೊಡ್ಡ ಜೈಲಿಗೆ ಹೋಗಿ ಒಂದು ತಿಂಗಳಾಗುವುದರೊಳಗೇ ಗುರುಮಲ್ಲಪ್ಪನವರು ಅಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಜ್ವರವೋ, ವಯಸ್ಸೋ, ಉಪವಾಸವೋ, ಮನೆಯವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿರುವುದು ನಾಲ್ಕು ದಿನದ ಲೆಕ್ಕ. ಅಲ್ಲಿ ಯಾರಾದರೂ ಹಸಿದವನು ಅವರ ಪಕ್ಕದಲ್ಲಿ ಕೂತು ಹಟ ಹಿಡಿದಿದ್ದರೆ ಐದನೆಯ ದಿನ ಅವರು ಉಂಡಿರುತ್ತಾರೆ. ಹಾಗೆ ಒಬ್ಬನಾದರೂ ಇದ್ದಿರಲಿ ಎಂದು ಈಗಲೂ ಬೇಡುತ್ತೇನೆ, ಗೋಪಾಲಸ್ವಾಮಿಯನ್ನಲ್ಲ, ಯಾರನ್ನೋ.

ನಿಮಗೆ ಹೇಳುವ ಮೊದಲು, ಮೊನ್ನೆ, ಇದನ್ನೆಲ್ಲ ಸೊಸೆಗೆ ಹೇಳಿದೆ. ಮೊರದ ಮುಂದೆ ಕೂತಿದ್ದವನ ಕೈಯಿಂದ ಜರಡಿ ಜಾರಿತು. ಎತ್ತಿಕೊಡಲು ಬಂದವಳು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಕೇಳಿದಳು. ತಮಾಷೆ ಮಾಡುತ್ತಿದ್ದೀನೇನೋ ಎಂದು ನಡುವೆ ಎರಡು ಸಲ ನನ್ನ ಮುಖ ನೋಡಿದಳು. ಸೆರಗು ಕೊಡವಿ ಎದ್ದುಹೋದಳು. ನಂಬಲಿಲ್ಲ ಎಂದುಕೊಂಡೆ. ನನ್ನನ್ನು ಯಾರು ನಂಬುತ್ತಾರೆ?

ಇವತ್ತು ಬೆಳಿಗ್ಗೆ ಬೂದಿಯ ವಾಸನೆಗೆ ಕಣ್ಣು ಬಿಟ್ಟರೆ ಅವಳು ಖಾಲಿ ಮೊರ ಹಿಡಿದು ತಿಪ್ಪೆಯ ಕಡೆಯಿಂದ ಬರುತ್ತಿದ್ದಳು. ನಾನು ಕೂಗುವ ಮೊದಲೇ ಜಗಲಿಯ ಹತ್ತಿರ ನಿಂತಳು. ಮೊಣಕೈವರೆಗೂ ಬೂದಿ.

"ನಾನೇ ಜರಡಿ ಇಡ್ದು ಸುರ್ದೆ ಮಾವ" ಎಂದಳು. "ಎಲ್ಡ್ ಸಲ ನೋಡ್ದೆ. ಇರ್ನಿಲ್ಲ."