ಅತ್ತೂರಿಗೆ ಎರಡು ಮೊಂಬತ್ತಿ

ಶಂಕರಪುರದ ತೆರೆಸಾಬಾಯಿಗೆ ಮಲ್ಲಿಗೆ ಗಿಡದ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಯಾವುದಕ್ಕೆ ನೀರು ಹೆಚ್ಚಾಯಿತು, ಯಾವುದಕ್ಕೆ ರೋಗ ಹತ್ತಿತು ಎಂದು ಎಲೆ ನೋಡಿಯೇ ಹೇಳಿಬಿಡುತ್ತಾರೆ. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವು ಕೊಳ್ಳುವ ಕಟ್ಟೆಗೆ ಮುಟ್ಟಿಸಿ ಬಂದ ಮೇಲೆಯೇ ಅವರ ಚಹಾ. ಈ ಸಂಸಾರದಲ್ಲಿ ಅವರಿಗಿದ್ದ ದೂರು ಒಂದೇ, ಗಂಡ ಬೆಂಜಮಿನ್‌ ಅವರ ಗೊರಕೆ. ಕಾಪು ಕಡೆಯ ಬಸ್ಸುಗಳಲ್ಲಿ ಡ್ರೈವರ್ ಆಗಿ ದುಡಿದ ಮನುಷ್ಯ, ನಿದ್ದೆಯಲ್ಲೂ ಗೇರು ಬದಲಿಸುತ್ತಾರೆ ಎಂದು ಕಂಡಕಂಡವರಲ್ಲಿ ಹೇಳಿಕೊಂಡು ನಗುತ್ತಿದ್ದರು.

ಆ ಬೆಂಜಮಿನ್ ಅವರಿಗೆ ನ್ಯುಮೋನಿಯಾ ಆಯಿತು. ಮಣಿಪಾಲದ ಕಡೆಯ ಒಂದು ಆಸ್ಪತ್ರೆಯ ಐಸಿಯುವಿನಲ್ಲಿ ಬಾಯಿಗೆ ಕೊಳವೆ ಹಾಕಿ ವೆಂಟಿಲೇಟರಿಗೆ ಜೋಡಿಸಿದರು. ಅಲ್ಲಿಂದ ತೆರೆಸಾಬಾಯಿಯ ತಲೆ ಮೊಸರುಗಡಿಗೆಯಾಯಿತು.

ಒಳಗೆ ಬಿಡುವುದು ಸಂಜೆ ಸ್ವಲ್ಪ ಹೊತ್ತು ಮಾತ್ರ. ಹೋಗಿ ನೋಡುತ್ತಾರೆ, ಗಂಡನ ಎದೆ ಏರುತ್ತದೆ, ಇಳಿಯುತ್ತದೆ. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಈ ಮನುಷ್ಯ ಇಷ್ಟು ಚಂದ ಉಸಿರಾಡಿದ್ದು ಮದುವೆಯಾದ ಮೇಲೆ ಇದೇ ಮೊದಲು. ಹೊರಗೆ ಬಂದವರೇ ಕಾರ್ಕಳದ ನಾದಿನಿ ವೆರೊನಿಕಾಗೆ ಫೋನು ಮಾಡಿದರು. "ನಿನ್ನ ಅಣ್ಣ ಮಗುವಿನ ಹಾಗೆ ಉಸಿರಾಡುತ್ತಾ ಇದ್ದಾರೆ. ಅತ್ತೂರು ಇಗರ್ಜಿಗೆ ಹೋಗಿ ನನ್ನ ಹೆಸರಿನಲ್ಲಿ ಒಂದು ದೊಡ್ಡ ಮೊಂಬತ್ತಿ ಹಚ್ಚು." ವೆರೊನಿಕಾ ಮರುದಿನವೇ ಹಚ್ಚಿ ಬಂದಳು.

ಆದರೆ ಡಾಕ್ಟರ್ ಅನಂತಪದ್ಮನಾಭರದ್ದು ದಿನವೂ ಒಂದೇ ಮಾತು. "ಈಗಲೇ ಏನೂ ಹೇಳಲಿಕ್ಕೆ ಆಗುವುದಿಲ್ಲ ಅಮ್ಮ." ಕಣ್ಣಿಗೆ ಕಾಣುವುದು ಒಂದು, ಕಿವಿಗೆ ಬೀಳುವುದು ಇನ್ನೊಂದು. ಒಂದು ಸಂಜೆ ಬೆಂಜಮಿನ್ ಕೆಮ್ಮಿದರು, ಅಲಾರಂ ಹೊಡೆದುಕೊಂಡಿತು, ತೆರೆಸಾಬಾಯಿ ನರ್ಸನ್ನು ಕೂಗಿ ಕರೆದರು. ನರ್ಸಿಗೆ ಮಾತ್ರ ಖುಷಿ, ಕೆಮ್ಮಿದ್ದು ಒಳ್ಳೆಯದಂತೆ. ಇನ್ನೊಂದು ಸಂಜೆ ಅವರು ತೆಪ್ಪಗೆ ಮಲಗಿದ್ದನ್ನು ಕಂಡು ಇವರು ಸಮಾಧಾನಪಟ್ಟರೆ ಅದೇ ನರ್ಸಿನ ಮುಖ ಸಪ್ಪಗಾಗಿತ್ತು. ತೋಟದಲ್ಲಿ ಬಾಡಿದ ಗಿಡ ಬಾಡಿದ ಹಾಗೆಯೇ ಕಾಣುತ್ತದೆ. ಇಲ್ಲಿ ಎಲ್ಲವೂ ತಲೆಕೆಳಗು.

ಕೊನೆಗೆ ಡಾಕ್ಟರು, ನಾಳೆ ಮೆಷಿನಿನ ಸಹಾಯ ಕಡಿಮೆ ಮಾಡಿ ನೋಡುತ್ತೇವೆ ಅಂದರು. ಸರಿಯಾಗಿ ನಡೆಯುವುದನ್ನು ಕೆಡಿಸುವುದು ಯಾಕೆ? ತೆರೆಸಾಬಾಯಿ ವೆಂಟಿಲೇಟರ್ ನೋಡಿಕೊಳ್ಳುವ ಜೋಸ್ಲಿನ್‌ಳನ್ನು ಮೆಟ್ಟಿಲ ಬಳಿ ಹಿಡಿದು ನಿಲ್ಲಿಸಿದರು. ಅವಳೂ ಕೊಂಕಣಿಯವಳು, ಕಾರ್ಕಳದ ಹುಡುಗಿ.

"ಬಾಯೆ, ಅಷ್ಟು ಚಂದ ಉಸಿರಾಡುವವರಿಗೆ ಎಂತಕ್ಕೆ ಕಡಿಮೆ ಮಾಡುವುದು?"

ಜೋಸ್ಲಿನ್ ನಿಂತಲ್ಲೇ ಬಿಡಿಸಿ ಹೇಳಿದಳು. "ಆಂಟಿ, ಅದು ಅಂಕಲ್‌ನ ಉಸಿರಲ್ಲ. ಅಷ್ಟೂ ಮೆಷಿನಿನದ್ದು. ಅದು ಗಾಳಿ ತುಂಬುತ್ತದೆ, ಎದೆ ಏರುತ್ತದೆ. ಹೀಗೇ ಬಿಟ್ಟರೆ ಅವರಿಗೆ ಉಸಿರೆಳೆಯುವ ಶಕ್ತಿಯೇ ಹೋಗುತ್ತದೆ. ನಾಳೆ ಅವರೇ ಎಳೆಯಬೇಕು."

"ಎಳೆಯದಿದ್ದರೆ?"

"ಪುನಃ ಮೆಷಿನು ಉಂಟು. ಆದರೆ ಅದರಿಂದ ಬಿಡಿಸುವುದು ಇನ್ನೂ ಕಷ್ಟ ಆಗುತ್ತದೆ ಆಂಟಿ."

ತೆರೆಸಾಬಾಯಿ ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಹಾಗಾದರೆ ಆ ಮೊಂಬತ್ತಿ ಹಚ್ಚಿಸಿದ್ದು ಯಾರ ಉಸಿರಿಗೆ? ಇದನ್ನು ಡಾಕ್ಟರಲ್ಲಿ ಕೇಳುವುದೋ, ಪಾದ್ರಿಗಳಲ್ಲಿ ಕೇಳುವುದೋ ಎಂಬುದೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಜೋಸ್ಲಿನ್ ಡಾಕ್ಟರ ಒಪ್ಪಿಗೆ ಪಡೆದು ತೆರೆಸಾಬಾಯಿಯನ್ನು ಮಂಚದ ಬಳಿ ನಿಲ್ಲಿಸಿಕೊಂಡಳು. ಮೆಷಿನಿನ ಗುಂಡಿ ತಿರುಗಿಸಿದಳು. ಎದೆ ತಡವರಿಸಿತು. ಒಂದು ಗಿಡ್ಡ ಉಸಿರು, ಒಂದು ಉದ್ದ, ಆಮೇಲೆ ಇಲ್ಲವೇ ಇಲ್ಲ. ಬೆಂಜಮಿನ್‌ ಅವರ ಹಣೆ ಬೆವರಿತು, ಅಲಾರಂ ಕೂಗಿತು.

"ಬೇಡ ಬಾಯೆ, ಮೊದಲಿನ ಹಾಗೆ ಮಾಡು," ಎಂದು ತೆರೆಸಾಬಾಯಿ ಅವಳ ಕೈ ಹಿಡಿದರು.

"ಸ್ವಲ್ಪ ತಾಳಿ ಆಂಟಿ. ನೋಡಿ."

ಆಗ ಬಲಭುಜ ಮೇಲೆದ್ದಿತು. ಹಿಂದೊಮ್ಮೆ ಬಸ್ಸಿನ ಟಾಪಿನಿಂದ ಬಿದ್ದು ಮುರಿದ ಮೂಳೆ ಸೊಟ್ಟಗೆ ಕೂಡಿಕೊಂಡ ಭುಜ ಅದು. ಅಂದಿನಿಂದ ಅವರು ಜೋರಾಗಿ ಉಸಿರೆಳೆದಾಗಲೆಲ್ಲ ಅದು ಮೊದಲು ಏಳುತ್ತಿತ್ತು. ಇಷ್ಟು ದಿನ ಈ ಮಂಚದ ಮೇಲೆ ಅದು ಅಲುಗಿರಲೇ ಇಲ್ಲ. ಈಗ ಇನ್ನೊಮ್ಮೆ ಎದ್ದಿತು. ಆ ಉಸಿರು ಅಂಕುಡೊಂಕಾಗಿತ್ತು, ನೋಡಲಿಕ್ಕೆ ಒಂದಿಷ್ಟೂ ಚಂದವಿರಲಿಲ್ಲ.

"ಇದು ಇವರದ್ದೇ," ಎಂದು ತೆರೆಸಾಬಾಯಿ ಅತ್ತುಬಿಟ್ಟರು.

ಕೆಲವು ದಿನಗಳಲ್ಲಿ ಕೊಳವೆ ತೆಗೆದು ವಾರ್ಡಿಗೆ ತಂದರು. ಗಂಜಿ ಕುಡಿದು ಬೆಂಜಮಿನ್ ಮಧ್ಯಾಹ್ನ ನಿದ್ದೆ ಹೋದಾಗ ತೆರೆಸಾಬಾಯಿ ನಾದಿನಿಗೆ ಫೋನು ಮಾಡಿದರು.

"ಅತ್ತೂರಿಗೆ ಹೋಗಿ ಇನ್ನೊಂದು ಮೊಂಬತ್ತಿ ಹಚ್ಚು."

"ಮೊನ್ನೆ ಹಚ್ಚಿದ್ದೆನಲ್ಲ ಅತ್ತಿಗೆ?"

"ಅದು ಮೆಷಿನಿಗೆ ಹೋಯಿತು ಮಾರಾಯ್ತಿ. ಇದು ನಿನ್ನ ಅಣ್ಣನಿಗೆ."

ವೆರೊನಿಕಾ ಕಿವಿಗೊಟ್ಟು ಕೇಳಿದಳು. "ಎಂತದು ಆ ಶಬ್ದ? ನೀವು ಬಸ್‌ಸ್ಟ್ಯಾಂಡಿನಲ್ಲಿ ಇದ್ದೀರಾ?"

ತೆರೆಸಾಬಾಯಿ ಫೋನನ್ನು ಗಂಡನ ಮೂಗಿನ ಹತ್ತಿರ ಒಯ್ದು, ಬಹಳ ಹೊತ್ತು ಹಿಡಿದುಕೊಂಡೇ ಇದ್ದರು.