ಹಿಂದಿನ ಸಾಲಿನ ಹುಡುಗಿ

ಕೊರೊನಾ ಮುಗಿದು ಎರಡನೆಯ ವರ್ಷ. ಕೊಪ್ಪ ಪೇಟೆಯಲ್ಲಿ ನಾನು ಸ್ಟುಡಿಯೋ ಇಟ್ಟು ಆಗಲೇ ಇಪ್ಪತ್ತೊಂದು ವರ್ಷವಾಗಿತ್ತು. ಮದುವೆ, ಗೃಹಪ್ರವೇಶ, ಪಾಸ್‌ಪೋರ್ಟ್ ಫೋಟೋಗಳ ನಡುವೆ ನಾನು ಕಾದು ಕೂರುತ್ತಿದ್ದ ಕೆಲಸ ಒಂದೇ, ಡಿಸೆಂಬರಿನಲ್ಲಿ ನಡೆಯುವ ಮಕ್ಕಳ ಸಮೂಹ ನೃತ್ಯ ಸ್ಪರ್ಧೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕುಗಳಿಂದ ತಂಡಗಳು ಬರುತ್ತಿದ್ದವು. ಎರಡು ದಿನ ಆಯ್ಕೆ ಸುತ್ತು, ಮೂರನೆಯ ದಿನ ಫೈನಲ್. ಆ ವರ್ಷ ಸಮಿತಿಯವರು ‘ಅಧಿಕೃತ ಛಾಯಾಗ್ರಾಹಕ’ ಎಂದು ಬರೆದ ಕಾರ್ಡನ್ನು ನನ್ನ ಕೊರಳಿಗೆ ಹಾಕಿದ್ದರು.

ಸಭಾಂಗಣದ ನೃತ್ಯವನ್ನು ಸೆರೆಹಿಡಿಯುವುದು ಸುಲಭವಲ್ಲ. ಬೆಳಕು ಕಡಿಮೆ, ಕುಣಿಯುವವರು ಒಂದು ಕಡೆ ನಿಲ್ಲುವುದಿಲ್ಲ, ಫ್ಲ್ಯಾಶ್ ಹಾಕಿದರೆ ಮಕ್ಕಳ ಕಣ್ಣು ಕುಕ್ಕುತ್ತದೆ. ಆದ್ದರಿಂದ ಬರ್ಸ್ಟ್ ಮೋಡ್ ಬಳಸುತ್ತೇವೆ. ಗುಂಡಿಯನ್ನು ಒತ್ತಿ ಹಿಡಿದರೆ ಸೆಕೆಂಡಿಗೆ ಏಳೆಂಟು ಚಿತ್ರಗಳು ಬೀಳುತ್ತವೆ. ಹೆಚ್ಚಿನವು ಕೆಲಸಕ್ಕೆ ಬಾರದವು. ಬಿಡುವಿನಲ್ಲಿ ಅವನ್ನು ಅಳಿಸಿ ಮೆಮೊರಿ ಕಾರ್ಡಿನಲ್ಲಿ ಜಾಗ ಮಾಡಿಕೊಳ್ಳುವುದು ನನ್ನ ರೂಢಿಯಾಗಿತ್ತು.

ನರಸಿಂಹರಾಜಪುರದ ಕಡೆಯಿಂದ ಒಂದು ಹೊಸ ತಂಡ ಬಂದಿತ್ತು. ಎಂಟು ಹುಡುಗಿಯರು, ಎಲ್ಲರೂ ಕಾಫಿ ಎಸ್ಟೇಟಿನ ಕಾರ್ಮಿಕರ ಲೈನ್ ಮನೆಗಳ ಮಕ್ಕಳು. ಸುಮಿತ್ರಾ ಟೀಚರ್ ಎಂಬ ಶಾಲಾ ಶಿಕ್ಷಕಿ ಸಂಜೆ ಹೊತ್ತು ಕಾಫಿ ಒಣಗಿಸುವ ಕಣದಲ್ಲಿ ಅವರಿಗೆ ಕುಣಿತ ಕಲಿಸಿದ್ದರು. ಕಾಫಿ ಕೊಯ್ಲಿನ ಸಮಯವಾದ್ದರಿಂದ ತಂದೆತಾಯಿಯರು ಯಾರೂ ಬಂದಿರಲಿಲ್ಲ. ಬೇರೆ ತಂಡಗಳು ಕುಣಿಯುವಾಗ ಸಭಾಂಗಣದ ತುಂಬ ಮೊಬೈಲುಗಳು ಮೇಲೇಳುತ್ತಿದ್ದವು. ಇವರು ಕುಣಿಯುವಾಗ ಎದುರಿಗೆ ಇದ್ದದ್ದು ನನ್ನ ಕ್ಯಾಮೆರಾ ಮಾತ್ರ.

ಎರಡನೆಯ ದಿನ, ಕುಣಿತದ ಕೊನೆಯ ಭಾಗ. ಮುಂದಿನ ಸಾಲಿನವರು ಒಬ್ಬರ ಮೇಲೊಬ್ಬರು ನಿಂತು ಗೋಪುರ ಕಟ್ಟುತ್ತಿದ್ದರು, ತೀರ್ಪುಗಾರರ ಕಣ್ಣೆಲ್ಲ ಅಲ್ಲೇ. ಹಿಂದಿನ ಸಾಲಿನಲ್ಲಿ ರಕ್ಷಿತಾ ಎಂಬ ಹುಡುಗಿ, ಹದಿಮೂರು ವರ್ಷವಿರಬೇಕು, ಹಾರಿ ಇಳಿಯುವಾಗ ಪಾದ ಹೊರಳಿ ಬಿದ್ದಳು. ಕೈಯೂರಿ ತಕ್ಷಣ ಎದ್ದಳು. ನೋವನ್ನು ನುಂಗಿಕೊಂಡು, ನಗುಮುಖದಲ್ಲೇ ಕುಣಿತ ಮುಗಿಸಿದಳು. ಲೆನ್ಸಿನಲ್ಲಿ ಅದನ್ನು ಕಂಡ ನನ್ನ ಬಾಯಿಂದ “ಅಯ್ಯೋ” ಎಂಬ ಮಾತು ಹೊರಟಿತ್ತು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಚಿತ್ರಗಳನ್ನು ನೋಡುತ್ತ ಹೋದೆ. ನಾಲ್ಕರಲ್ಲಿ ಅವಳು ನೆಲಕ್ಕೆ ಬಿದ್ದಿದ್ದಳು. ನಾಲ್ಕನ್ನೂ ಅಳಿಸಿದೆ. ಕಾರ್ಡ್ ತುಂಬುತ್ತ ಬಂದಿತ್ತು ಎನ್ನುವುದು ನಿಜ. ಬಿದ್ದ ಮಗುವಿನ ಫೋಟೋ ಯಾರದೋ ಮೊಬೈಲಿಗೆ ಹೋಗಿ ನಾಲ್ಕು ಜನ ನಗುವುದು ಬೇಡ ಎಂದು ಅನ್ನಿಸಿದ್ದೂ ನಿಜ.

ಫೈನಲ್ ದಿನ ಆ ತಂಡ ಕುಣಿದ ರೀತಿಗೆ ಸಭೆಯೇ ಎದ್ದು ನಿಂತಿತು. ಮೊದಲ ಬಹುಮಾನ ಯಾರಿಗೆಂಬ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಫಲಿತಾಂಶ ಹೇಳುವ ಮೊದಲು ಇನ್ನೊಂದು ತಂಡದ ಪೋಷಕರೊಬ್ಬರು ತಕರಾರು ತೆಗೆದರು: ಆ ತಂಡದಲ್ಲಿ ಒಬ್ಬಳು ಬದಲಾಗಿದ್ದಾಳೆ. ಸಮಿತಿಯ ಕಾರ್ಯದರ್ಶಿ ಪ್ರಕಾಶ್ ನನ್ನ ಬಳಿ ಬಂದರು.

“ಮೂರು ದಿನದ್ದೂ ಫೋಟೋ ಇದ್ಯಲ್ಲ? ಆ ತಂಡದ್ದು ಸ್ವಲ್ಪ ತೋರ್ಸಿ ಮಾರಾಯ್ರೆ.”

ಮೊದಲ ದಿನದ ಮತ್ತು ಕೊನೆಯ ದಿನದ ಚಿತ್ರಗಳನ್ನು ಲ್ಯಾಪ್‌ಟಾಪಿನಲ್ಲಿ ಪಕ್ಕಪಕ್ಕ ಇಟ್ಟು ದೊಡ್ಡದು ಮಾಡಿ ತೋರಿಸಿದೆ. ಅಷ್ಟು ಕಡಿಮೆ ಬೆಳಕಿನಲ್ಲೂ ಮುಖಗಳು ಎಷ್ಟು ಸ್ಪಷ್ಟವಾಗಿವೆ ಎಂದು ಒಳಗೊಳಗೇ ಹೆಮ್ಮೆಯಾಗಿತ್ತು. ಹಿಂದಿನ ಸಾಲಿನ ಒಂದು ಮುಖ ಬೇರೆಯಿತ್ತು.

ಸುಮಿತ್ರಾ ಟೀಚರನ್ನು ಕರೆಸಿದರು. ಅವರು ಏನನ್ನೂ ಮುಚ್ಚಿಡಲಿಲ್ಲ. “ರಕ್ಷಿತಾ ನಿನ್ನೆ ಸ್ಟೇಜ್ ಮೇಲೇ ಬಿದ್ಲು ಸರ್. ಬೆಳಿಗ್ಗೆ ಕಾಲು ಊರ್ಲಿಕ್ಕೇ ಆಗ್ಲಿಲ್ಲ, ಮನೇಲೇ ಬಿಟ್ಟು ಬಂದೆ. ಅವಳ ಚಿಕ್ಕಪ್ಪನ ಮಗಳಿಗೆ ಈ ಕುಣಿತ ಬರ್ತಿತ್ತು, ಕರ್ಕೊಂಡು ಬಂದೆ.”

ವೇದಿಕೆಯ ಮೇಲೆ ಗಾಯವಾದರೆ ಮಾತ್ರ ಬದಲಿ ಕರೆತರಲು ನಿಯಮದಲ್ಲಿ ಅವಕಾಶವಿತ್ತು. ಬಿದ್ದದ್ದನ್ನು ನೋಡಿದ್ದೀರಾ ಎಂದು ಪ್ರಕಾಶ್ ಕೇಳಿದರೆ ಮೂವರು ತೀರ್ಪುಗಾರರೂ ಇಲ್ಲವೆಂದು ತಲೆಯಾಡಿಸಿಬಿಟ್ಟರು. ಆಗ ಟೀಚರ್ ನನ್ನ ಕಡೆ ತಿರುಗಿದರು.

“ಇವರು ಮುಂದೇ ನಿಂತಿದ್ರು. ಇವರ ಫೋಟೋದಲ್ಲಿ ಇರ್ಲೇಬೇಕು.”

“ಇದ್ಯಾ?” ಎಂದು ಪ್ರಕಾಶ್ ಕೇಳಿದರು.

“ಹುಡುಕ್ತೇನೆ” ಎಂದೆ.

ಅಷ್ಟು ಜನರ ಎದುರು ಅಳಿಸಿಬಿಟ್ಟೆ ಎನ್ನಲು ನಾಲಿಗೆ ಏಳಲಿಲ್ಲ. ಕೊರಳಲ್ಲಿ ಆ ಕಾರ್ಡ್ ಬೇರೆ ನೇತಾಡುತ್ತಿತ್ತು. ಲ್ಯಾಪ್‌ಟಾಪ್ ಎತ್ತಿಕೊಂಡು ಗ್ರೀನ್ ರೂಮಿನ ಮೂಲೆ ಸೇರಿದೆ. ಅಳಿಸಿದ ಚಿತ್ರಗಳನ್ನು ಮರಳಿ ತರುವ ರಿಕವರಿ ಸಾಫ್ಟ್‌ವೇರ್ ನನ್ನಲ್ಲಿತ್ತು. ಆದರೆ ಕಾರ್ಡಿನ ಅದೇ ಜಾಗದಲ್ಲಿ ಹೊಸ ಚಿತ್ರಗಳು ಕೂತುಬಿಟ್ಟರೆ ಹಳೆಯವು ಸಿಗುವುದಿಲ್ಲ. ಅದೇ ಕಾರ್ಡಿನಲ್ಲಿ ನಾನು ಫೈನಲ್ ಪೂರ್ತಿ ತೆಗೆದಿದ್ದೆ. ಅರ್ಧ ಗಂಟೆ ಒದ್ದಾಡಿದೆ, ಏನೂ ಸಿಗಲಿಲ್ಲ. ಹೊರಗೆ ಮೈಕಿನಲ್ಲಿ ಹೆಸರು ಕೂಗಿದ್ದು, ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಅದು ಬೇರೆ ತಂಡದ ಹೆಸರು.

ಓಡಿಹೋಗಿ ಪ್ರಕಾಶ್ ಅವರ ತೋಳು ಹಿಡಿದು, ಅಳಿಸಿದ್ದನ್ನೂ ಹೇಳಿ, “ಆ ಹುಡುಗಿ ಬಿದ್ದಿದ್ದು ನಾನೇ ಕಣ್ಣಾರೆ ನೋಡಿದ್ದೇನೆ” ಎಂದೆ.

ಅವರು ತೋಳು ಬಿಡಿಸಿಕೊಂಡರು. “ಇದನ್ನ ಆಗ್ಲೇ ಹೇಳ್ಬಾರ್ದಿತ್ತಾ ಮಾರಾಯ್ರೆ? ಫೋಟೋ ಯಾರಿಗೆ ಬೇಕಿತ್ತು, ನೀವು ನೋಡಿದ್ದೀನಿ ಅಂದಿದ್ರೆ ಸಾಕಿತ್ತು. ಈಗ ಕಪ್ ಕೊಟ್ಟಾಯ್ತು.”

ಸಭಾಂಗಣದ ಮೆಟ್ಟಿಲ ಮೇಲೆ ಆ ತಂಡದ ಹುಡುಗಿಯರು ಸಾಲಾಗಿ ಕೂತು ಗೆಜ್ಜೆ ಬಿಚ್ಚುತ್ತಿದ್ದರು. ಬದಲಿಯಾಗಿ ಬಂದವಳು ಮಾತ್ರ ಟೀಚರ ಸೆರಗಿನಲ್ಲಿ ಮುಖ ಹುದುಗಿಸಿದ್ದಳು. ನಾನು ಹತ್ತಿರ ಹೋಗಲಿಲ್ಲ.

ಎರಡು ವಾರದ ನಂತರ ಫೋಟೋಗಳನ್ನು ಪ್ರಿಂಟ್ ಹಾಕಿಸಿಕೊಂಡು ಆ ಎಸ್ಟೇಟಿಗೆ ಹೋದೆ. ರಕ್ಷಿತಾಳ ಕಾಲಿಗೆ ಪ್ಲಾಸ್ಟರ್ ಹಾಕಿದ್ದರು, ಮೂಳೆ ಬಿರುಕು ಬಿಟ್ಟಿತ್ತಂತೆ. ನಿನ್ನಿಂದಲೇ ಕಪ್ ಹೋಯಿತು ಎಂದು ಜೊತೆಯವರು ಮಾತು ಬಿಟ್ಟಿದ್ದರೆಂದು ಟೀಚರ್ ಮೆಲ್ಲಗೆ ಹೇಳಿದರು. ಎಲ್ಲರನ್ನೂ ಸೇರಿಸಿ, “ತಪ್ಪು ಇವಳದಲ್ಲ. ಇವಳು ಬಿದ್ದಿದ್ದು ನಾನು ನೋಡಿದ್ದೆ” ಎಂದೆ.

ರಕ್ಷಿತಾ ತಲೆ ಎತ್ತಿದಳು. “ನೋಡಿದ್ರಾ? ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ ಸರ್?”

ನಾನು ಫೋಟೋಗಳ ಕವರನ್ನು ಅವಳ ಕಡೆ ಚಾಚಿದೆ. ಟೀಚರ್ ಅದನ್ನು ತೆಗೆದುಕೊಂಡು, “ಹೊತ್ತಾಯ್ತು, ಬಸ್ಸು ತಪ್ತದೆ ನಿಮಗೆ” ಎಂದರು. ಮರುವರ್ಷ ಆ ತಂಡ ಬರಲಿಲ್ಲ. ಆಮೇಲೂ ಬರಲಿಲ್ಲ.

ಈಗ ನನ್ನ ಕ್ಯಾಮೆರಾದಲ್ಲಿ ಎರಡು ಕಾರ್ಡುಗಳಿರುತ್ತವೆ, ತಿಂಗಳು ಕಳೆಯುವವರೆಗೆ ಒಂದು ಚಿತ್ರವನ್ನೂ ಅಳಿಸುವುದಿಲ್ಲ. ಈ ಪಾಠವನ್ನು ಯಾರಾದರೂ ಕಲಿಸಬಹುದಿತ್ತು. ನಾನು ತಡವಾಗಿ ಕಲಿತದ್ದು ಬೇರೆ. ಇಪ್ಪತ್ತೊಂದು ವರ್ಷ ನನ್ನ ಪರವಾಗಿ ಕ್ಯಾಮೆರಾವೇ ಮಾತಾಡಿತ್ತು. ಒಂದು ಮಗುವಿಗಾಗಿ ನಾನೇ ಬಾಯಿ ಬಿಡಬೇಕಾದ ದಿನ, ನನ್ನ ಕಣ್ಣೇ ಸಾಕ್ಷಿ ಎಂಬುದು ನನಗೆ ತೋಚದೆ ಫೋಟೋ ಹುಡುಕುತ್ತ ಕೂತೆ.