ಮಾನಿಟರ್ ಹೋದ ದಿನ

ವಾಡಿಯ ಕಾಲೇಜೊಂದರ ಕಚೇರಿಯಲ್ಲಿ ಕೆಲಸ ಮಾಡುವ ಶರಣಮ್ಮನವರಿಗೆ ಕಣ್ಣು ಕಾಣುವುದಿಲ್ಲ. ಕಂಪ್ಯೂಟರಿನಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ ಬಳಸಲು ಅವರಿಗೆ ನೆರವಾಗಿ ಬಾ ಎಂದು ವಿಶ್ವವಿದ್ಯಾಲಯದವರು ನನ್ನನ್ನು ಕಳಿಸಿದ್ದರು. ಅಂದು ಪರೀಕ್ಷೆಯ ಫಾರಂ ತುಂಬಲು ಕೊನೆಯ ದಿನ. ಕೆಲಸದ ನಡುವೆಯೇ ಮಾನಿಟರ್ ಕಪ್ಪಾಯಿತು.

“ಮಾನಿಟರೇ ಹೋತಲ್ರಿ ಮೇಡಂ! ಇನ್ನ ಇವತ್ತ ಆಗಂಗಿಲ್ಲ,” ಎಂದು ತಲೆಯ ಮೇಲೆ ಕೈಹೊತ್ತು ಎದ್ದೆ.

ಅವರ ಬೆರಳುಗಳು ನಿಂತಿರಲೇ ಇಲ್ಲ. “ಹೌದಾ? ಯಾವಾಗ ಹೋತ್ರಿ?” ಎಂದರು.

ಆಮೇಲೆ ಹೆಡ್‌ಫೋನ್ ತೆಗೆದು ಸ್ಪೀಕರ್ ಹಾಕಿದರು. “ಕುಂದ್ರಿ ಸರ್. ಇನ್ನಾ ನಾಕು ಫಾರಂ ಅವ. ನಿಮಗೂ ತಿಳೀಲಿ ಅಂತ ಮೆಲ್ಲಕ ಓದಸ್ತೀನಿ.”

ನಾಲ್ಕೂ ಫಾರಂ ಒಂದೂ ತಪ್ಪಿಲ್ಲದೆ ಹೋದವು. ಸಂಜೆ ವರದಿಯಲ್ಲಿ ‘ನೆರವು ಪಡೆದವರು’ ಎಂಬಲ್ಲಿ ಅವರ ಹೆಸರು ಬರೆದೆ. ಆ ಸುಳ್ಳಿನ ಕೆಳಗೆ ಸಹಿ ಹಾಕುವಾಗ ನನಗೇ ನಗು ಬಂತು.